ಡ್ರೈವರಮ್ಮನ ಸೀಟು

ಇಸ್ತ್ರಿ ಅಂಗಡಿಯ ಅಕ್ಕನಿಗೆ ಸೊಂಟನೋವು ಬಂದದ್ದು ಇಸ್ತ್ರಿಪೆಟ್ಟಿಗೆಯಿಂದಲೇ ಎಂದು ಬೀದಿಯವರೆಲ್ಲ ತೀರ್ಮಾನ ಮಾಡಿಬಿಟ್ಟಿದ್ದರು. ಬೀದಿಯವರ ತೀರ್ಪಿಗೆ ಮೇಲ್ಮನವಿ ಎಲ್ಲಿದೆ? ಅಕ್ಕನೂ ತಲೆಯಾಡಿಸಿ ಸುಮ್ಮನಾಗುತ್ತಿದ್ದಳು. ಆದರೆ ಇಸ್ತ್ರಿಪೆಟ್ಟಿಗೆ ಹಿಡಿಯುವುದು ಬಲಗೈ, ನೋವಿದ್ದದ್ದು ಎಡ ಸೊಂಟದಲ್ಲಿ. ಅದು ಗೊತ್ತಿದ್ದದ್ದು ಅವಳ ಗಂಡನೊಬ್ಬನಿಗೇ.

ಆ ಎಡ ಸೊಂಟದ ಮೇಲೆ ಅವಳ ಮಗಳು ಹದಿನೇಳು ವರ್ಷ ಕೂತಿದ್ದಳು. ಹುಟ್ಟಿದಾಗಿನಿಂದ ಕಾಲಲ್ಲಿ ಬಲವಿಲ್ಲದ ಹುಡುಗಿ, ಬಾಯಲ್ಲಿ ಮಾತ್ರ ನಾಲ್ಕಾಳಿನ ಬಲ. ಬೆಳೆದರೂ ಮೈ ತುಂಬಿಕೊಳ್ಳಲಿಲ್ಲ. ಯಾರೋ ಪುಣ್ಯಾತ್ಮರು ಕೊಟ್ಟ ಗಾಲಿಕುರ್ಚಿ ಮೆಟ್ಟಿಲ ಕೆಳಗೇ ಉಳಿಯಿತು. ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ, ಮೆಟ್ಟಿಲೋ ಒಬ್ಬರು ಇಳಿದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಷ್ಟು ಇಕ್ಕಟ್ಟು. ಹಾಗಾಗಿ ಹತ್ತುವುದೂ ಇಳಿಯುವುದೂ ಅಮ್ಮನ ಸೊಂಟದ ಮೇಲೆಯೇ. ಬಲಕ್ಕೆ ತಿರುಗಬೇಕಾದರೆ ಅಮ್ಮನ ಬಲಗಿವಿ ಎಳೆಯುತ್ತಿದ್ದಳು, ಎಡಕ್ಕಾದರೆ ಎಡಗಿವಿ. ಬಸ್ ಕಂಡಕ್ಟರಾಗಿದ್ದ ಅಪ್ಪ ಅವಳಿಗೆ ಡ್ರೈವರಮ್ಮ ಎಂದೇ ಹೆಸರಿಟ್ಟ.

ಮನೆಯ ಬಾಗಿಲು ಕಿರಿದು. ನೇರವಾಗಿ ಹೊಕ್ಕರೆ ಹುಡುಗಿಯ ಕಾಲು ಚೌಕಟ್ಟಿಗೆ ಬಡಿಯುತ್ತಿತ್ತು. ಅದಕ್ಕೇ ಅಕ್ಕ ಹೊಸ್ತಿಲಲ್ಲಿ ಅಡ್ಡ ತಿರುಗಿ, ಮಗಳನ್ನು ಒತ್ತಿ ಹಿಡಿದು ಒಳಗೆ ಬರುತ್ತಿದ್ದಳು. ಅಪ್ಪ ಮನೆಯಲ್ಲಿದ್ದರೆ ಒಳಗಿನಿಂದಲೇ ಕೂಗುತ್ತಿದ್ದ: "ಕಾಲು ಜೋಪಾನ, ಕಾಲು ಜೋಪಾನ... ಹಾಂ, ರೈಟ್ ರೈಟ್!" ದಿನಾ ಕೇಳುವ ಮಾತಿಗೆ ಹುಡುಗಿ ದಿನಾ ನಗುತ್ತಿದ್ದಳು.

ಒಂದು ಜ್ವರ ಬಂತು, ಎದೆಗೆ ಇಳಿಯಿತು, ಅವಳನ್ನು ಕರೆದುಕೊಂಡು ಹೋಯಿತು. ಇದಕ್ಕಿಂತ ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ.

ವಿಚಿತ್ರವೆಂದರೆ, ಭಾರ ಇಳಿದ ಮೇಲೆಯೇ ಅಕ್ಕನ ನೋವು ಹೆಚ್ಚಾಯಿತು. ಇಸ್ತ್ರಿ ಮೇಜಿನ ಮುಂದೆ ನಿಲ್ಲಲಾರದೆ ಕೂತುಬಿಡುತ್ತಿದ್ದಳು. ಕೊನೆಗೆ ಗಂಡನೇ ರಜೆ ಹಾಕಿ ಫಿಸಿಯೋಥೆರಪಿ ಕೋಣೆಗೆ ಕರೆದೊಯ್ದ. ಅಲ್ಲೊಂದು ಯಂತ್ರ. ತೂಕದ ಯಂತ್ರಕ್ಕೆ ಎದುರಿಗೆ ಎರಡು ಹಿಡಿಕೆ ಕೊಟ್ಟ ಹಾಗೆ. ಮಂಡಿ ಸ್ವಲ್ಪ ಬಗ್ಗಿಸಿ ಮೇಲೆ ನಿಂತರೆ ಅಂಗಾಲಿನಿಂದ ಹೆಗಲವರೆಗೂ ಗಡಗಡ ನಡುಗಿಸುತ್ತದೆ.

"ಬಿಗಿದ ಸ್ನಾಯು ಸಡಿಲ ಆಗುತ್ತೆ ಆಂಟಿ. ಎಲ್ಲರಿಗೂ ಒಗ್ಗುತ್ತೆ ಅಂತ ಹೇಳಲ್ಲ, ನೋಡೋಣ," ಎಂದಳು ಥೆರಪಿ ಹುಡುಗಿ.

"ನಮ್ಮ ಹಳೇ ಬಸ್ಸಿನ ಹಿಂದಿನ ಸೀಟಲ್ಲಿ ಕೂರಿಸಿದ್ರೆ ಸಾಕಿತ್ತಲ್ಲಮ್ಮ," ಎಂದ ಗಂಡ. ಅಕ್ಕನ ಮುಖದಲ್ಲಿ ನಗು ಮೂಡಲಿಲ್ಲ.

ಯಂತ್ರ ನಡುಗಲು ಶುರುವಾದದ್ದೇ ತಡ, ಅಕ್ಕನ ಎಡಗೈ ಹಿಡಿಕೆ ಬಿಟ್ಟು ಸೊಂಟವನ್ನು ಬಳಸಿತು. ಎಡ ಸೊಂಟ ಹೊರಕ್ಕೆ ಚಾಚಿತು. ಹುಡುಗಿ ಯಂತ್ರ ನಿಲ್ಲಿಸಿ ಕೈ ಸರಿಪಡಿಸಿದಳು. ಮತ್ತೆ ಶುರು ಮಾಡಿದರೆ ಮತ್ತದೇ. ಮರುವಾರವೂ ಅದೇ.

"ಎರಡೂ ಕಾಲಿಗೆ ಸಮ ಭಾರ ಬಿಡಿ ಆಂಟಿ. ಯಾರನ್ನಾದ್ರೂ ಎತ್ಕೊಂಡಿದ್ದೀರಾ ಏನು?" ಎಂದು ಹುಡುಗಿ ನಕ್ಕಳು.

"ಹೂಂ. ನನ್ನ ಮಗಳನ್ನ," ಎಂದಳು ಅಕ್ಕ. "ನೆಲ ಅಲ್ಲಾಡ್ತಿದೆಯಲ್ಲ, ಬಿದ್ದುಬಿಡ್ತಾಳೆ."

ಪಾಪ, ಆ ಹುಡುಗಿಗೆ ಏನು ಗೊತ್ತು? ಅವಳು ಅಕ್ಕನ ಗಂಡನ ಮುಖ ನೋಡಿದಳು. ಆತ ಕಿಟಕಿ ಕಡೆ ತಿರುಗಿಕೊಂಡಿದ್ದ.

ಮನೆಗೆ ಬರುವ ದಾರಿಯಲ್ಲಿ ಅಕ್ಕ ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇಬಿಟ್ಟಳು.

"ನಂಗೆ ಈ ನೋವು ಹೋಗೋದು ಬೇಡ ರೀ. ಬಟ್ಟೆಬರೆ ಕೊಟ್ಬಿಟ್ವಿ, ಕುರ್ಚಿ ಕೊಟ್ಬಿಟ್ವಿ. ಅವಳದ್ದು ಅಂತ ಉಳಿದಿರೋದು ಇದೊಂದೇ. ಬೆಳಿಗ್ಗೆ ಸೊಂಟ ಹಿಡ್ಕೊಂಡ್ರೆ, ಇಲ್ಲೇ ಕೂತಿದಾಳೆ ಅನ್ಸುತ್ತೆ."

ಗಂಡ ಅವಳ ಕೈಯಲ್ಲಿದ್ದ ಚೀಲ ತಾನು ತೆಗೆದುಕೊಂಡ. ಆಮೇಲೆ, "ನೀನೂ ಹಾಸಿಗೆ ಹಿಡಿದ್ರೆ ನಾನು ಯಾರ ಮುಖ ನೋಡ್ಲಿ ಹೇಳು," ಎಂದ. ಜೀವಮಾನವೆಲ್ಲ ತಮಾಷೆ ಮಾಡಿಕೊಂಡು ಬಂದವನ ಬಾಯಲ್ಲಿ ಅಂಥ ಮಾತು ಅವಳು ಕೇಳಿರಲೇ ಇಲ್ಲ. ಅವನಿಗೋಸ್ಕರ ಅವಳು ವಾರವಾರವೂ ಹೋದಳು.

ಮೈ ಎನ್ನುವುದು ನಂಬಿಕೆದ್ರೋಹಿ. ಮನಸ್ಸು ಬೇಡ ಬೇಡ ಎನ್ನುತ್ತಿದ್ದರೂ ಅದು ಸದ್ದಿಲ್ಲದೆ ಸಡಿಲವಾಗತೊಡಗಿತು. ಒಂದು ದಿನ ಯಂತ್ರ ನಿಂತಾಗ ಥೆರಪಿ ಹುಡುಗಿ ಚಪ್ಪಾಳೆ ತಟ್ಟಿದಳು. ಅಕ್ಕ ಬಗ್ಗಿ ನೋಡಿಕೊಂಡಳು. ಎರಡೂ ಕೈ ಹಿಡಿಕೆಯ ಮೇಲೇ ಇದ್ದವು.

ಅವತ್ತು ಮೂರು ಮಹಡಿಯನ್ನು ಅವಳು ಎಲ್ಲೂ ನಿಲ್ಲದೆ ಹತ್ತಿದಳು. ಬಾಗಿಲು ತೆರೆದಿತ್ತು, ಗಂಡ ಒಳಗೆ ಟೀ ಸೋಸುತ್ತಿದ್ದ. ಒಳಗೆ ಬಂದು ಚಪ್ಪಲಿ ಬಿಟ್ಟಳು, ಚೀಲ ಮೊಳೆಗೆ ಸಿಕ್ಕಿಸಿದಳು. ಆಮೇಲೆ ಹೊಳೆಯಿತು. ಅಡ್ಡ ತಿರುಗಿರಲಿಲ್ಲ. ನೇರವಾಗಿ, ಎರಡೂ ಕೈ ಬೀಸಿಕೊಂಡು ಬಂದುಬಿಟ್ಟಿದ್ದಳು.

"ರೀ," ಎಂದಳು, "ಅವಳನ್ನ ಎಲ್ಲೋ ಇಳಿಸಿ ಬಂದ್ಬಿಟ್ಟೆ ರೀ."

ಬರಿಗಾಲಲ್ಲೇ ಹೊರಗೆ ಓಡಿದಳು. ಮೆಟ್ಟಿಲ ತುದಿಯಲ್ಲಿ ನಿಂತು ಎಡ ಸೊಂಟ ಚಾಚಿದಳು, ಎಡಗೈಯಿಂದ ಅದನ್ನು ಸುತ್ತಿ ಹಿಡಿದಳು, ಅದುಮಿದಳು. ನೋವು ಬರಲಿಲ್ಲ. ಇನ್ನೂ ಜೋರಾಗಿ ಅದುಮಿದಳು. ಅಲ್ಲಿ ಏನೂ ಇರಲಿಲ್ಲ. ಅಳುತ್ತ, ಹೊಸ್ತಿಲಲ್ಲಿ ಅಡ್ಡ ತಿರುಗಿದಳು.

ಗಂಡ ಸೋಸುತ್ತಿದ್ದ ಟೀ ಹಾಗೇ ಬಿಟ್ಟು ಗೋಡೆಗೆ ಸರಿದು, ಅವಳಿಗೆ ಜಾಗ ಮಾಡಿಕೊಟ್ಟ.

"ಕಾಲು ಜೋಪಾನ ಕಣೇ," ಎಂದ. "ಕಾಲು ಜೋಪಾನ."