ಮುರಿಗೆವ್ವ ಕಾಕಿಯ ಪಪ್ಪಾಯಿ ಸಂಬಂಧ

ತಿಕೋಟಾದಲ್ಲಿ ನಮ್ಮ ಹಿತ್ತಲಿಗೂ ಮುರಿಗೆವ್ವ ಕಾಕಿಯ ಹಿತ್ತಲಿಗೂ ನಡುವೆ ಎದೆಯೆತ್ತರದ ಮಣ್ಣಿನ ಗೋಡೆಯಿತ್ತು. ಸಾರು, ಸುದ್ದಿ, ಬೈಗುಳ ಎಲ್ಲವೂ ಅದರ ಮೇಲಿಂದಲೇ ಆಚೀಚೆ ಹೋಗುತ್ತಿದ್ದವು. ಕಾಕಿ ನಮಗೆ ಬಳಗವಲ್ಲ. ಆದರೆ ಊರಿಗೆಲ್ಲ ಬಳಗ ಕಟ್ಟಿಕೊಡುತ್ತಿದ್ದವಳು ಅವಳೇ. ಇತ್ತ ಬಬಲೇಶ್ವರ, ಅತ್ತ ತೊರವಿಯವರೆಗೆ ಯಾರ ಮನೆಯಲ್ಲಿ ಕನ್ಯೆ ಇದೆ, ಯಾರ ಮನೆಯಲ್ಲಿ ವರ ಇದ್ದಾನೆ, ಯಾವ ವರನಿಗೆ ಸಿಟ್ಟು ಮೂಗಿನ ಮೇಲಿದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಸಂಬಂಧ ಕೂಡಿಸಿದ್ದಕ್ಕೆ ಸೀರೆ ಕೊಟ್ಟರೆ ಉಡುತ್ತಿದ್ದಳು, ಕೊಡದಿದ್ದರೆ ಬಿಡುತ್ತಿದ್ದಳು. ಹೊಟ್ಟೆ ತುಂಬ ಉಣ್ಣಿಸದವರನ್ನು ಮಾತ್ರ ಜನ್ಮದಲ್ಲಿ ಮರೆಯುತ್ತಿರಲಿಲ್ಲ.

ಅವಳದೇ ಒಂದು ಪದ್ಧತಿಯಿತ್ತು. ಮದುವೆಯ ಮಾತೆತ್ತಲು ಹೊರಟಾಗ ತನ್ನ ಹಿತ್ತಲಿನ ಪಪ್ಪಾಯಿ ಹಣ್ಣೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುತ್ತಿದ್ದಳು. ಆ ಮನೆಯವರು ಹೆಚ್ಚಿ ತಿಂದು "ಸಕ್ಕರಿ ಆಗೇತ್ರಿ" ಅಂದರೆ ಸಂಬಂಧ ಅರ್ಧ ಕೂಡಿದಂತೆ. ಮನೆಯಲ್ಲಿ ಬಸುರಿ ಇದ್ದರೆ ಹಣ್ಣು ಹೊರಗಿನ ಕಟ್ಟೆಯ ಮೇಲೇ ಉಳಿಯುತ್ತಿತ್ತು. ಮುರಿಗೆವ್ವನ ಕೈಗುಣ ಎಂದು ಜನ ಹೊಗಳುತ್ತಿದ್ದರಲ್ಲ, ಅದರಲ್ಲಿ ಆ ಹಣ್ಣಿನ ಪಾಲೂ ಇತ್ತು. ಬಿಜಾಪುರದ ಗಾಂಧಿ ಚೌಕದಲ್ಲಿ ಕೊಂಡ ಹಣ್ಣಿನ ಬೀಜದಿಂದ ಎದ್ದ ನಾಲ್ಕು ಗಿಡಗಳು. ಮೂರು ಕಾಯಿ ಬಿಡುತ್ತಿದ್ದವು. ನಾಲ್ಕನೆಯದು ಉದ್ದುದ್ದ ಕಡ್ಡಿಗಳಲ್ಲಿ ಬಿಳಿ ಹೂವಿನ ಗೊಂಚಲು ಇಳಿಬಿಟ್ಟುಕೊಂಡು ಸುಮ್ಮನೆ ನಿಂತಿರುತ್ತಿತ್ತು.

ಅರವತ್ತೆರಡನೆಯ ಇಸವಿಯಲ್ಲಿ ಅವಳು ಕೂಡಿಸಿದ ವರನೊಬ್ಬ ಮದುವೆಯಾದ ಮೇಲೆ ದುಡಿಯಲೊಲ್ಲದೆ ಮಾವನ ಮನೆಯಲ್ಲೇ ಬಿದ್ದುಕೊಂಡ. ಕಾಕಿಯ ಆ ಸಿಟ್ಟು ನಾಲ್ಕನೆಯ ಗಿಡದ ಮೇಲೆ ತಿರುಗಿತು.

"ಬರೇ ಹೂವ ಬಿಟಗೊಂಡು, ನೀರ ಕುಡಕೊಂಡು ನಿಂತೈತಿ! ಇಂಥಾ ಉಂಡಾಡಿಗೆ ನನ್ನ ಹಿತ್ತಲದಾಗ ಜಾಗಾ ಇಲ್ಲ" ಎಂದು ಕೊಡಲಿ ತಂದು ನಡುಮಟ್ಟಕ್ಕೆ ಕಡಿದು ಹಾಕಿದಳು.

ಉಂಡಾಡಿ ಎಂಬ ಆ ಬಿರುದು ಅವಳ ಬಾಯಲ್ಲಿ ಇನ್ನೊಬ್ಬನಿಗೂ ಇತ್ತು. ಅವನು ಅವಳ ಅಕ್ಕನ ಮಗ, ಬಬಲೇಶ್ವರದ ಅಮರಪ್ಪ. ತೊರವಿಯ ತೋಟವೊಂದರಲ್ಲಿ ಕೆಲಸಕ್ಕಿದ್ದ. ಹೂವಿನ ಮುಂದೆ ಹುಳ ನೋಡುತ್ತ ನಿಲ್ಲುತ್ತಾನೆಂದು ಮಾಲಕ ಬಿಡಿಸಿ ಕಳಿಸಿದ್ದ. ಚಿಗವ್ವನ ಮನೆಗೆ ಆಗಾಗ ಬರುತ್ತಿದ್ದ. ಮುಚ್ಚಿಡುವುದೇನು, ನನಗೆ ಅವನು ಮನಸ್ಸಿಗೆ ಬಂದಿದ್ದ. ನಮ್ಮಪ್ಪ ಬಸಗೊಂಡಪ್ಪ ನನ್ನ ಮದುವೆಯ ಮಾತನ್ನು ಕಾಕಿಯ ಕೈಗೇ ಒಪ್ಪಿಸಿದ್ದ. ಆದರೆ ಕಾಕಿಯ ಕಣ್ಣಿಗೆ ಅಮರಪ್ಪ ವರನಾಗಿ ಕಾಣಲೇ ಇಲ್ಲ.

ಗಿಡ ಕಡಿದ ಮೇಲೆ ಉಳಿದ ಮೂರೂ ಹೂವು ಬಿಟ್ಟವು, ಹೂವೆಲ್ಲ ಉದುರಿ ಬಿತ್ತು. ಮತ್ತೆ ಬಿಟ್ಟವು, ಮತ್ತೆ ಉದುರಿತು. ಹಳೆಯ ಕಾಯಿಗಳು ತೀರಿದ ಮೇಲೆ ಒಂದು ಹೊಸ ಕಾಯಿ ಇಲ್ಲ. "ಮುರಿಗೆವ್ವನ ಕೈಗುಣ ಹೋತು" ಎಂದು ಬಾವಿಕಟ್ಟೆಯಲ್ಲಿ ಮಾತು ಹುಟ್ಟಿತು. ಆಡುವ ಬಾಯಿಗೆ ಬೀಗವೆಲ್ಲಿ? ಕಾಕಿ ಮನೆಬಿಟ್ಟು ಹೊರಡುವುದನ್ನೇ ನಿಲ್ಲಿಸಿದಳು. "ಖಾಲಿ ಕೈಲೆ ಹೆಂಗ ಹೋಗ್ಲಿ?" ಎನ್ನುತ್ತಿದ್ದಳು. ಮೊದಲು ನನಗೆ ಖುಷಿಯೇ ಆಯಿತು, ಬೇರೆ ವರ ಬರುವುದು ತಪ್ಪಿತಲ್ಲ ಎಂದು. ಆದರೆ ಗೋಡೆಯ ಆಚೆಯಿಂದ ಬೈಗುಳ ಬರುವುದೂ ನಿಂತಾಗ ದಿನಕ್ಕೆ ನಾಲ್ಕು ಸಲ ಗೋಡೆಯಾಚೆ ಇಣುಕತೊಡಗಿದೆ. ಬಯ್ಯದ ಮುರಿಗೆವ್ವ ಕಾಕಿಯನ್ನು ನಾನು ನೋಡಿರಲೇ ಇಲ್ಲ.

ಆಗ ಅವಳಿಗೊಬ್ಬ ಕಳ್ಳ ಸಿಕ್ಕಿದ. ಗೋಡೆಯ ನಮ್ಮ ಬದಿಯಲ್ಲಿ ಸಂಜೆಮಲ್ಲಿಗೆ ಸಾಲಾಗಿ ಬೆಳೆದಿತ್ತು. ದೀಪ ಹಚ್ಚುವ ಹೊತ್ತಿಗೆ ಅಲ್ಲಿಗೆ ದಪ್ಪ ಮೈಯ ಬೂದುಬಣ್ಣದ ಪತಂಗಗಳು ಬರುತ್ತಿದ್ದವು. ಹೂವಿನ ಮೇಲೆ ಕೂರುತ್ತಿರಲಿಲ್ಲ. ಹೂವಿನ ಎದುರು ಗಾಳಿಯಲ್ಲೇ ನಿಂತು, ಮೈಗಿಂತ ಉದ್ದದ ನಾಲಿಗೆ ಚಾಚಿ ಜೇನು ಹೀರುತ್ತಿದ್ದವು. ರೆಕ್ಕೆ ಕಣ್ಣಿಗೇ ಬೀಳುತ್ತಿರಲಿಲ್ಲ, ಗುಂಯ್ ಎಂಬ ಸದ್ದು ಮಾತ್ರ. ನಡುನಡುವೆ ಒಂದೊಂದು ಗೋಡೆ ದಾಟಿ ಪಪ್ಪಾಯಿ ಹೂವಿನ ಮುಂದೆಯೂ ನಿಂತು ಬರುತ್ತಿತ್ತು.

"ಇದಾ ನೋಡ ಲಕ್ಕವ್ವಾ, ಹೂವಿನ ಜೀವಾ ಹೀರೂದು!" ಎಂದು ಕಾಕಿ ಟವೆಲ್ ಬೀಸತೊಡಗಿದಳು. ನನ್ನ ಕೈಗೂ ಒಂದು ಕೊಟ್ಟಳು.

ನಾವಿಬ್ಬರೂ ಹೀಗೆ ಟವೆಲ್ ಬೀಸುತ್ತಿದ್ದ ಒಂದು ಸಂಜೆ ಅಮರಪ್ಪ ಬಂದ. ನೋಡಿ ಬಿದ್ದು ಬಿದ್ದು ನಕ್ಕ.

"ಚಿಗವ್ವಾ, ಯಾಕ ಬಡೀತಿ ಬೇ? ಅದೂ ನಿನ್ನ ಕಸಬಿಂದೇ ಐತಿ."

"ಏನಲೇ ನನ್ನ ಕಸಬು?"

"ಸಂಬಂಧ ಕೂಡಸೂದು. ನೀ ಕಡದಿದ್ದು ಗಂಡ ಗಿಡ. ಈ ಮೂರೂ ಕನ್ಯಾ ಅದಾವು. ಗಂಡ ಹೂವಿನ ಹುಡಿ ಈ ಹುಳದ ಮಾರಿಗೆ ಹತ್ತಿ ಇಲ್ಲಿಗೆ ಬಂದ್ರನ ಕಾಯಿ ಹಿಡಿತಾವ. ವರನ್ನ ಕಡದ ಹಾಕಿದಿ, ಈಗ ನಡುವ ಓಡ್ಯಾಡೋರನ್ನ ಬಡಿಯಾಕತ್ತಿ!"

ಕಾಕಿಯ ಟವೆಲ್ ಅಲ್ಲೇ ನಿಂತಿತು. ಆಮೇಲೆ ಅವಳು ಕೇಳಿದ್ದು ಅವಳೇ ಕೇಳಬೇಕಾದ ಪ್ರಶ್ನೆ.

"ಕನ್ಯಾದ ಮನ್ಯಾಗ ಇದಕ್ಕ ಉಣ್ಣಾಕ ಏನ ಕೊಡತಾರ?"

"ಏನೂ ಇಲ್ಲ. ಹೆಣ್ಣ ಹೂವಿನ್ಯಾಗ ಜೇನಾ ಇರೂದಿಲ್ಲ. ಗಂಡ ಹೂವ ಅಂತ ತಿಳದು ಮೋಸ ಹೋಗಿ ಬರತೈತಿ."

"ಒಂದು ಹನಿ ನೀರೂ ಇಲ್ಲೇನೋ ಯಪ್ಪಾ!"

ವರನನ್ನು ಕಡಿದದ್ದಕ್ಕಿಂತ ಇದೇ ಅವಳಿಗೆ ಹೆಚ್ಚು ನೋವು ಕೊಟ್ಟಂತೆ ಕಂಡಿತು. ಮರುದಿನವೇ ನಮ್ಮ ಸಂಜೆಮಲ್ಲಿಗೆಯ ಕಪ್ಪು ಬೀಜ ಕೇಳಿ ಪಡೆದು ಮೂರೂ ಗಿಡಗಳ ಬುಡದಲ್ಲಿ ಊರಿದಳು. "ಕನ್ಯಾದ ಮನಿಯಿಂದ ಯಾರೂ ಹಸಗೊಂಡ ಹೋಗಬಾರ್ದು" ಎಂದಳು. ಕಡಿದ ಬೊಡ್ಡೆ ಬಚ್ಚಲ ನೀರು ಕುಡಿದು ಬದುಕೇ ಇತ್ತು, ಪಕ್ಕದಲ್ಲಿ ಚಿಗುರೂ ಒಡೆದಿತ್ತು. ಅದಕ್ಕೆ ಗೊಬ್ಬರ ಹಾಕಿದಳು, ಆಡು ಮುಟ್ಟದಂತೆ ಮುಳ್ಳು ಕಟ್ಟಿದಳು. ಹೊಸ ಅಳಿಯನಿಗೂ ಅಷ್ಟು ಉಪಚಾರ ನಡೆಯಲಿಕ್ಕಿಲ್ಲ.

ಆ ದಿನಗಳಲ್ಲೇ ನಮ್ಮ ಗೆಣಸಿನ ಮಡಿ ಅಗೆಯುವಾಗ ನನಗೊಂದು ಕಂದು ಬಣ್ಣದ ಕೋಶ ಸಿಕ್ಕಿತು. ಗಿಂಡಿಗೆ ಹಿಡಿಕೆ ಇರುವಂತೆ ಅದರ ಮುಂದೆ ಬಾಗಿದ ಕೊಳವೆ. ಅಮರಪ್ಪನಿಗೆ ತೋರಿಸಲು ನೆವ ಬೇಕಿತ್ತು, ಸಿಕ್ಕಿತು.

"ಗೆಣಸಿನ ಎಲಿ ತಿನ್ನೂ ಕೋಡಿನ ಹುಳ ಐತೆಲ್ಲಾ, ಅದು ಮಣ್ಣಾಗ ಹೊಕ್ಕು ಹಿಂಗ ಆಗೇತಿ. ಈ ಹಿಡಿಕ್ಯಾಗ ನೀವು ಬಡೀತಿದ್ದ ಪತಂಗದ ನಾಲಿಗಿ ಬೆಳ್ಯಾಕತ್ತೈತಿ" ಎಂದ. ಆ ಹುಳಗಳನ್ನು ಅಪ್ಪ ಹೆಕ್ಕಿ ಹೆಕ್ಕಿ ಎಸೆಯುತ್ತಿದ್ದುದು ನೆನಪಾಗಿ ನಾನು ಅದನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡೆ.

ಕೋಶವನ್ನು ಡಬ್ಬಿಯ ಮಣ್ಣಿನಲ್ಲಿ ಇಟ್ಟೆ. ಒಂದು ಸಂಜೆ ಕಾಕಿ, ಅಮರಪ್ಪ ಇಬ್ಬರೂ ಇದ್ದಾಗಲೇ ಅದು ಒಡೆಯಿತು. ಹೊರಬಂದ ಪತಂಗದ ರೆಕ್ಕೆ ಮುದುಡಿದ ಬಟ್ಟೆಯಂತಿತ್ತು. ಕಡ್ಡಿ ಹತ್ತಿ ಜೋತುಬಿದ್ದು ಮೆಲ್ಲಗೆ ರೆಕ್ಕೆ ಬಿಡಿಸಿಕೊಂಡಿತು. ಹಾರುವ ಮೊದಲು ಕುಳಿತಲ್ಲೇ ಥರಥರ ನಡುಗಿತು.

"ಚಳಿ ಹತ್ತೇತೇನ ಪಾಪ?" ಎಂದಳು ಕಾಕಿ.

"ಇಲ್ಲ ಚಿಗವ್ವಾ, ಮೈ ಬಿಸಿ ಮಾಡಕೊಳ್ಳಾಕತ್ತೈತಿ. ಅದಿಲ್ಲಂದ್ರ ಹಾರಾಕ ಆಗೂದಿಲ್ಲ."

ಅವನು ಅಷ್ಟು ಹೊತ್ತೂ ಕುಕ್ಕರುಗಾಲಿನಲ್ಲಿ ಅಲುಗದೆ ಕುಳಿತಿದ್ದ. ಪತಂಗ ಹಾರಿ ಹೋಯಿತು. ಕಾಕಿ ನೋಡುತ್ತಿದ್ದುದು ಅದನ್ನಲ್ಲ, ಅವನನ್ನು. ಆಮೇಲೆ ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ.

ಬೊಡ್ಡೆಯ ಚಿಗುರು ಬೆಳೆದು ಹೂವಿನ ಗೊಂಚಲು ಇಳಿಬಿಟ್ಟಿತು. ಸಂಜೆಯ ಅತಿಥಿಗಳು ಅಲ್ಲಿ ಕುಡಿದು, ಕನ್ಯೆಯರ ಮನೆಗೂ ಹೋಗಿ, ಬುಡದ ಸಂಜೆಮಲ್ಲಿಗೆಯಲ್ಲಿ ಹೊಟ್ಟೆ ತುಂಬಿಸಿಕೊಂಡು ಹೋದವು. ಕಾಯಿ ಹಿಡಿಯಿತು. ಗೋಡೆಯ ಆಚೆಯಿಂದ ಬೈಗುಳವೂ ಮೊದಲಿನ ಹಾಗೆ ಬರತೊಡಗಿತು. ನನಗೆ ಜೀವ ಬಂದಂತಾಯಿತು.

ಮೊದಲ ಹಣ್ಣು ಮಾಗಿದ ದಿನ ನಮ್ಮ ತಲೆಬಾಗಿಲಿನ ಚಿಲಕದ ಸದ್ದಾಯಿತು. ಇಳಕಲ್ ಸೀರೆಯುಟ್ಟು, ಓಣಿಯೆಲ್ಲ ಸುತ್ತಿಕೊಂಡು, ದೂರದೂರಿನಿಂದ ಬಂದವಳಂತೆ ಮುರಿಗೆವ್ವ ಕಾಕಿ ನಿಂತಿದ್ದಳು. ಸೆರಗಿನೊಳಗೆ ಪಪ್ಪಾಯಿ.

"ಗ್ವಾಡಿ ಮ್ಯಾಲಿಂದ ಕೊಡೂ ಮಾತಲ್ಲ ಬಸಗೊಂಡಪ್ಪಾ. ಲಕ್ಕವ್ವಗ ವರ ತಂದೇನಿ. ನಮ್ಮ ಅಮರಪ್ಪ."

ಅಪ್ಪ ಹುಬ್ಬೇರಿಸಿದ. "ಯಾರು, ನೀನ ಉಂಡಾಡಿ ಅಂತಿದ್ದೆಲ್ಲಾ ಮುರಿಗೆವ್ವಾ, ಅವನಾ?"

"ಹೂಂ, ಅವನಾ. ಹಂಗಂದು ಒಂದ ಗಿಡ ಕಡದೇನಿ. ಕಡದ ಮ್ಯಾಲ ತಿಳೀತು. ಇನ್ನೊಮ್ಮೆ ಕಡ್ಯಾಕ ನನ್ನ ಕೈ ಏಳೂದಿಲ್ಲ."

ಅಪ್ಪ ಚಾಕು ತರಿಸಿ ಹಣ್ಣು ಹೆಚ್ಚಿದ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಅವನು ಒಂದು ಹೋಳು ಬಾಯಿಗಿಟ್ಟು, ಬೇಕೆಂದೇ ನಿಧಾನವಾಗಿ ಅಗಿದ.

"ಸಕ್ಕರಿ ಆಗೇತಿ" ಎಂದ.

ನಾನು ಚಹಾ ತಂದಿಟ್ಟೆ. ಕಾಕಿ ಕಾಲು ಚಾಚಿ ಕೂತು ಎರಡು ಕಪ್ಪು ಕುಡಿದಳು.