ಭಾವನ ಮರಳುಗುಂಡಿ

ನಮ್ಮ ಭಾವ ವೃತ್ತಿಪರ ಗಾಲ್ಫ್ ಆಟಗಾರರು. ಗೆದ್ದ ಪಂದ್ಯಗಳ ಸುದ್ದಿ ಎತ್ತುವವರಲ್ಲ, ಸೋತ ಒಂದನ್ನು ಬಿಡುವವರೂ ಅಲ್ಲ. ಮದುವೆಯಾದ ವರ್ಷವೇ ಕ್ಲಬ್ಬಿನ ದೊಡ್ಡ ಟ್ರೋಫಿ ಇನ್ನೇನು ಸಿಕ್ಕಿತು ಅನ್ನುವಾಗ ಚೆಂಡು ಕೊನೆಯ ಬಂಕರಿಗೆ, ಅಂದರೆ ಮರಳುಗುಂಡಿಗೆ ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅಂದಿನಿಂದ ತಪ್ಪೆಲ್ಲ ಗುಂಡಿಯದು. “ಅಲ್ಲಿ ಗುಂಡಿ ತೋಡಿದವನಿಗೆ ಬುದ್ಧಿ ಇತ್ತಾ?” ಎಂದು ಊಟಕ್ಕೆ ಕೂತಾಗಲೂ ಕೇಳುವರು. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದು ಅಕ್ಕ ತಟ್ಟೆ ಮುಂದಿಡುವಳು.

ತಮಾಷೆಯೆಂದರೆ ಆ ಗುಂಡಿಯೇ ಅವರಿಗೆ ಅನ್ನ ಹಾಕಿತು. ಸೋತ ಸಿಟ್ಟಿಗೆ ಅದರೊಳಗೇ ಇಳಿದು ಅಭ್ಯಾಸ ಮಾಡಿ ಮಾಡಿ, ಮರಳಿನಿಂದ ಚೆಂಡು ಎತ್ತುವುದರಲ್ಲಿ ಅವರನ್ನು ಬಿಟ್ಟರಿಲ್ಲ ಎನ್ನುವಂತಾದರು. ಕಲಿಯಲು ಬಂದವರನ್ನೂ ಮೊದಲು ಅಲ್ಲಿಗೇ ಇಳಿಸುವರು. ಭಾವನ ಪ್ಯಾಂಟಿನ ಮಡಿಕೆಯಿಂದ ಉದುರಿದ ಮರಳು ಗುಡಿಸಿಯೇ ಅಕ್ಕನ ಪೊರಕೆಗಳು ಸವೆದವು.

ಈಚೆಗೆ ಪತ್ರಿಕೆಯೊಂದು ಮೈದಾನಗಳ ವಿನ್ಯಾಸದ ಬಗ್ಗೆ ಹಳೆಯ ಆಟಗಾರರನ್ನು ಮಾತಾಡಿಸಿತು. ಈಗಿನ ಸ್ಟಿಕ್ಕಿನಲ್ಲಿ ಯಾರು ಹೊಡೆದರೂ ಚೆಂಡು ದೂರ ಹೋಗುತ್ತದೆ, ಆಟದಲ್ಲಿ ತೋಳಿದೆ, ತಲೆಯಿಲ್ಲ ಎಂದರು ಭಾವ. ಅಷ್ಟಕ್ಕೇ ಬಾಯಿ ಮುಚ್ಚಬಹುದಿತ್ತು. ನಮ್ಮ ಕ್ಲಬ್ಬಿನ ಕೊನೆಯ ಗುಂಡಿ ಶುದ್ಧ ಅನ್ಯಾಯ ಎಂದೂ ಸೇರಿಸಿದರು. ಅದನ್ನೋದಿದ ಕಮಿಟಿಯವರು ಗುಂಡಿ ಮುಚ್ಚಿಸಲು ಹೊರಟರು.

ಭಾವನಿಗೆ ಊಟ ಸೇರಲಿಲ್ಲ. ನನ್ನನ್ನೂ ಎಳೆದುಕೊಂಡು ಸಭೆಗೆ ಹೋದರು.

“ಗುಂಡಿ ಮುಚ್ಚಬೇಡಿ.”

ಅಧ್ಯಕ್ಷರು ಕನ್ನಡಕ ತೆಗೆದಿಟ್ಟರು. “ಅನ್ಯಾಯ ಅಂದವರು ನೀವೇ ಅಲ್ವಾ ಸಾರ್?”

ಭಾವನ ಮುಖ ನೋಡಲಾಗಲಿಲ್ಲ. ಇಷ್ಟು ವರ್ಷ ಮುದ್ದಿನಿಂದ ಸಾಕಿದ ನೆಪವನ್ನು ಬಿಟ್ಟುಕೊಡದೆ ಗುಂಡಿ ಉಳಿಯುವಂತಿರಲಿಲ್ಲ. ನಗಲೆಂದೇ ಹೋಗಿದ್ದ ನನಗೂ ಅಯ್ಯೋ ಪಾಪ ಅನಿಸಿತು.

“ಗುಂಡಿ ಸರಿಯಾದ ಜಾಗದಲ್ಲೇ ಇದೆ,” ಎಂದರು. “ಹೊಡೆಯುವಾಗ ನಾನೇ ತಲೆ ಎತ್ತಿಬಿಟ್ಟೆ. ಚೆಂಡಿನಿಂದ ಕಣ್ಣು ತೆಗೀಬಾರದು ಅಂತ ಊರಿಗೆಲ್ಲ ಪಾಠ ಹೇಳೋನು ನಾನು.”

ಅಧ್ಯಕ್ಷರು ಮತ್ತೆ ಕನ್ನಡಕ ಹಾಕಿಕೊಂಡರು. ಗುಂಡಿ ಉಳಿಯಿತು.

ದಾರಿಯುದ್ದಕ್ಕೂ “ನಿಮ್ಮಕ್ಕನ ಹತ್ರ ಬಾಯಿ ಬಿಡಬೇಡ” ಎಂದು ಗೋಗರೆದರು. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೇ? ಬಾಗಿಲಲ್ಲೇ ಎಲ್ಲ ಹೇಳಿಬಿಟ್ಟೆ.

ಅಕ್ಕ ನಗಲಿಲ್ಲ. “ತಲೆ ಎತ್ತಿದ್ದು ನನಗೆ ಆವತ್ತೇ ಗೊತ್ತು. ಆಟ ನೋಡೋರ ಜೊತೆ ಹಗ್ಗದ ಆಚೆ ನಿಂತಿದ್ದೋಳು ನಾನೇ ತಾನೆ?” ಎಂದು ಭಾವನ ಕಡೆ ತಿರುಗಿದಳು. “ಯಾರನ್ನ ನೋಡೋಕೆ ಎತ್ತಿದ್ದು ಅಂತ ಅವರಿಗೆ ಹೇಳಿದ್ರಾ?”

ಭಾವ ಗೋಡೆಯ ಕಡೆ ಮುಖ ಮಾಡಿ ಟೋಪಿ ತೂಗುಹಾಕಿದರು.

“ಅದೆಲ್ಲ ಕಮಿಟಿಗೆ ಯಾಕೆ?”