ಲಕ್ಷ್ಮಿಯನ್ನು ಎತ್ತಿಕೊಂಡು ಓಡಿದೆ

ಭೂಮಿ ನಡುಗಿದಾಗ ನಾನು ಅಕ್ಕನನ್ನು ಮೂರನೇ ಮಹಡಿಯಲ್ಲೇ ಬಿಟ್ಟು ಓಡಿಬಂದೆ. ಅವಳ ಕಾಲಿಗೆ ಪ್ಲಾಸ್ಟರ್ ಹಾಕಿತ್ತು.

ಅಟ್ಟೂರಿನ ನಮ್ಮ ಮನೆಯಲ್ಲಿ ಅಂದು ವರಮಹಾಲಕ್ಷ್ಮಿ ಪೂಜೆ. ಪಾತ್ರೆಗಳು ಗಲಗಲ ಎಂದವು, ಫ್ಯಾನು ತೂಗಾಡಿತು. "ಭೂಕಂಪ!" ಎಂದು ಯಾರೋ ಕೂಗಿದ್ದೇ ತಡ, ಮಾರನೇ ದಿನದವರೆಗೆ ಕದಲಿಸಬಾರದ ಕಳಶವನ್ನು ಸೀರೆ, ಒಡವೆ ಸಮೇತ ತಬ್ಬಿಕೊಂಡು ಮೆಟ್ಟಿಲಿಳಿದೆ.

ರಸ್ತೆಯಲ್ಲಿ ನೆರೆದಿದ್ದವರು ನನ್ನನ್ನು ಕಂಡು ಚಪ್ಪಲಿ ಬಿಟ್ಟು ಕೈಮುಗಿದರು. ಪಕ್ಕದ ಮನೆಯ ಜಯಮ್ಮನವರು, "ಅರಿಶಿನ ಕುಂಕುಮ ಇಲ್ಲೇ ಕೊಟ್ಬಿಡಿ, ಸಂಜೆ ಮತ್ತೆ ನಾನು ಮೆಟ್ಟಿಲು ಹತ್ತಲ್ಲ" ಎಂದರು. ನಾನೂ ಕಳಶಕ್ಕೆ ಹಚ್ಚಿದ್ದ ಕುಂಕುಮವನ್ನೇ ಬೆರಳಿಗೆ ತೆಗೆದುಕೊಂಡೆ.

ಆಗ ಬಾಲ್ಕನಿಯಿಂದ ಅಕ್ಕ ಕೂಗಿದಳು: "ಲೇ ಪದ್ಮಾ, ಅವಳು ದೇವರು ಕಣೇ, ಹೆಂಗೋ ಬದುಕ್ಕೊಳ್ತಾಳೆ! ನನ್ನ ಯಾರೇ ಇಳಿಸೋರು?"

ಬೀದಿಯೆಲ್ಲ ನಕ್ಕಿತು. ಮೇಲೆ ಹೋಗಿ ನೋಡಿದರೆ ಅವಳ ಅಂಗೈ ತರಚಿತ್ತು. ಬಾಲ್ಕನಿಯವರೆಗೆ ನೆಲದ ಮೇಲೆ ತೆವಳಿಕೊಂಡೇ ಬಂದಿದ್ದಳು.

ಆಮೇಲೆ ನೆಂಟರು ಬಂದಾಗಲೆಲ್ಲ ಅಕ್ಕ ಈ ಕಥೆ ಹೇಳಿ ನಗಿಸುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಪ್ಲಾಸ್ಟರ್ ಬಿಚ್ಚಿದ ದಿನ ಅವಳ ತಲೆ ಬಾಚುತ್ತಾ ಹೇಳಿಬಿಟ್ಟೆ: "ಆ ಹೊತ್ತಲ್ಲಿ ನೀನು ನನ್ನ ನೆನಪಿಗೇ ಬರ್ಲಿಲ್ಲ. ತಪ್ಪಾಯ್ತು ಕಣಕ್ಕಾ."